ಪ್ರಾಡಕ್ಟ್ ಕೋಚ್ ಮೀಮಾಂಸೆ: ಹೈದರಾಬಾದ್ ಖಂಡ

ವಸ್ತುವನ್ನು ತಾನು ಮಾಡದೆ ಮಾಡುವವರಿಂದ ಮಾಡಿಸುವವನು ಪ್ರಾಡಕ್ಟ್ ಮ್ಯಾನೇಜರ್. ಮಾಡಿಸುವುದು ಹೇಗೆಂದು ಅವನಿಗೆ ಹೇಳಿಕೊಡುವವನು ಪ್ರಾಡಕ್ಟ್ ಕೋಚ್. ಹೇಳಿಕೊಟ್ಟದ್ದನ್ನು ಬರೆದು, ಬರೆದದ್ದರ ಬಲದ ಮೇಲೆ ಇನ್ನಷ್ಟು ಮಂದಿಗೆ ಹೇಳಿಕೊಡುವವನು ಕೋಚ್-ಲೇಖಕ. ಒಂದೇ ಜೀವ ಒಂದೇ ಜನ್ಮದಲ್ಲಿ ಈ ಮೂರೂ ಅವಸ್ಥೆಗಳನ್ನು ದಾಟುವ ಸೋಜಿಗ ಹೈದರಾಬಾದಿನ ಪಡುವಣ ಭಾಗದಲ್ಲಿ, ಅಂದರೆ ಮಾಧಾಪುರ, ಕೊಂಡಾಪುರ, ಗಚ್ಚಿಬೌಲಿ, ನಾನಕ್‌ರಾಮ್‌ಗುಡಗಳ ನಡುವಿನ ಸೀಮೆಯಲ್ಲಿ, ಯಥೇಚ್ಛವಾಗಿ ಕಾಣಸಿಗುತ್ತದೆ. ಬೆಂಗಳೂರಿನಲ್ಲಿ ಇದು ಇನ್ನೂ ಹೆಚ್ಚು. ಆದರೆ ಅಲ್ಲಿ ಸಂಖ್ಯೆಯೇ ಅತಿಯಾಗಿ ಮಾದರಿಗಳನ್ನು ಬೇರ್ಪಡಿಸಿ ನೋಡುವುದು ಕಷ್ಟ. ಆದ್ದರಿಂದ ಶಾಸ್ತ್ರಾಧ್ಯಯನಕ್ಕೆ ಹೈದರಾಬಾದೇ ಪ್ರಶಸ್ತ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ಇದಕ್ಕೆ ಅಧಿಕಾರಿ ಯಾರು? ಹತ್ತು ವರ್ಷ ದುಡಿದು, ಹನ್ನೊಂದನೆಯ ವರ್ಷದ ಅಪ್ರೈಸಲ್‌ನಲ್ಲಿ ‘ನಿರೀಕ್ಷೆಗೆ ತಕ್ಕಂತೆ’ ಎಂದು ಬರೆಸಿಕೊಂಡವನು. ವಿಷಯ ಯಾವುದು? ಬೇರೆಯವರ ಪ್ರಾಡಕ್ಟ್. ಸಂಬಂಧ? ಲಿಂಕ್ಡ್‌ಇನ್. ಪ್ರಯೋಜನ? ಕೋಚ್‌ಗೆ ಕೂಡಲೇ, ಶಿಷ್ಯನಿಗೆ ಕಾಲಕ್ರಮದಲ್ಲಿ.

ಇನ್ನು ಲಕ್ಷಣ. ಪ್ರಾಡಕ್ಟ್ ಮ್ಯಾನೇಜರನ ಲಕ್ಷಣವನ್ನೇ ಸರಿಯಾಗಿ ಹೇಳಲಾಗದಿದ್ದರೆ ಅವನ ಕೋಚ್‌ನ ಲಕ್ಷಣ ಹೇಳುವುದೆಂತು ಎಂದು ಪ್ರಾಚೀನರು, ಅಂದರೆ 1990ರ ದಶಕದವರು, ಚಿಂತಿಸಿದ್ದಾರೆ. ನೆಟ್‌ಸ್ಕೇಪ್‌ನಲ್ಲಿದ್ದ ಬೆನ್ ಹೊರೊವಿಟ್ಜ್ ತಮ್ಮ ಪ್ರಸಿದ್ಧ ಟಿಪ್ಪಣಿಯಲ್ಲಿ ಒಳ್ಳೆಯ ಪ್ರಾಡಕ್ಟ್ ಮ್ಯಾನೇಜರನನ್ನು ಆ ಪ್ರಾಡಕ್ಟ್‌ನ ಸಿಇಒ ಎಂದರು. ಸಿಇಒ ಆದವನು ಜನರನ್ನು ನೇಮಿಸಬಲ್ಲ, ತೆಗೆಯಬಲ್ಲ. ಪ್ರಾಡಕ್ಟ್ ಮ್ಯಾನೇಜರನಿಗೆ ಮೀಟಿಂಗ್ ರೂಮ್ ಸಿಗುವುದೇ ಕಷ್ಟ. ಹೀಗಾಗಿ ಈ ಲಕ್ಷಣಕ್ಕೆ ಅಸಂಭವ ದೋಷ ತಟ್ಟುತ್ತದೆ. ‘ಎಲ್ಲರ ಮಾತು ಕೇಳಿಸಿಕೊಂಡು ಯಾರಿಗೂ ಹೌದೆನ್ನದವನು’ ಎಂಬ ಇನ್ನೊಂದು ಲಕ್ಷಣ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ. ‘ಏನನ್ನು ಮಾಡಬೇಕೆಂದು ತೀರ್ಮಾನಿಸುವವನು’ ಎಂಬ ಮೂರನೆಯದು ಕೇಳಲು ಚೆನ್ನಾಗಿದೆ, ಆದರೆ ಹೈದರಾಬಾದಿನಲ್ಲಿ ಅದಕ್ಕೆ ಅವ್ಯಾಪ್ತಿ ದೋಷ. ಇಲ್ಲಿಯ ಎಷ್ಟೋ ಪ್ರಾಡಕ್ಟ್ ಮ್ಯಾನೇಜರರ ತೀರ್ಮಾನಗಳು ಸಿಯಾಟಲ್ ಕಡೆ ಆಗಿ ಬಂದಿರುತ್ತವೆ. ಅಲ್ಲಿ ಬೆಳಗ್ಗೆ ಒಂಬತ್ತಾದಾಗ ಇಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆ, ಅಮೆರಿಕದವರು ಗಡಿಯಾರ ತಿರುಗಿಸಿದ ಮೇಲೆ ಹತ್ತೂವರೆ. ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ತೆರೆದು, ಮ್ಯೂಟ್ ಒತ್ತಿ, ಸಾರು ಕಲಸಿಕೊಳ್ಳುತ್ತ ತಾನು ಕೈಗೊಂಡ ನಿರ್ಧಾರ ಯಾವುದೆಂದು ಆತ ತಿಳಿದುಕೊಳ್ಳುತ್ತಾನೆ. ಕೋಚ್‌ನನ್ನು ಹುಡುಕುವ ಬಯಕೆ ಹುಟ್ಟುವುದು ಇದೇ ಮುಹೂರ್ತದಲ್ಲಿ. ಆದ್ದರಿಂದಲೇ ಪ್ರಜ್ಞಾವಂತ ಕೋಚ್‌ಗಳು ತಮ್ಮ ಪೋಸ್ಟ್‌ಗಳನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಹಾಕುತ್ತಾರೆ.

ವಿದ್ಯೆಯ ಮೂಲ ಸೋಪಿನಲ್ಲಿದೆ. 1931ರ ಮೇ 13ರಂದು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮ್ಯಾಕೆಲ್ರಾಯ್ ತನ್ನ ಮೇಲಿನವರಿಗೊಂದು ಟಿಪ್ಪಣಿ ಬರೆದ. ಅವನ ಪಾಲಿಗೆ ಬಂದಿದ್ದು ಕ್ಯಾಮೇ ಸೋಪು. ಅದೇ ಕಂಪನಿಯ ಐವರಿ ಸೋಪಿನ ನೆರಳಲ್ಲಿ ಅದು ಬಾಡುತ್ತಿತ್ತು. ಒಂದೊಂದು ಬ್ರ್ಯಾಂಡ್‌ಗೂ ಅದರ ಒಳಿತು ಕೆಡುಕು ನೋಡಿಕೊಳ್ಳುವ ಒಬ್ಬ ಆಳು ಬೇಕು, ಅವನು ಅಂಗಡಿ ಅಂಗಡಿ ತಿರುಗಿ ಮಾರಾಟವೇಕೆ ಕುಸಿಯಿತೆಂದು ತಿಳಿಯಬೇಕು ಎಂಬುದು ಟಿಪ್ಪಣಿಯ ಸಾರ. ಒಂದು ಪುಟ ಮೀರಬಾರದೆಂಬ ಕಟ್ಟಳೆಯಿದ್ದ ಕಂಪನಿಯಲ್ಲಿ ಅದು ಸುಮಾರು ಮೂರು ಪುಟ ಹಬ್ಬಿತ್ತು. ಈ ವಿದ್ಯೆಯ ಬರಹಗಳೆಲ್ಲ ಮೂರು ಪಟ್ಟು ಉದ್ದವಾಗುವ ಸಂಪ್ರದಾಯ ಅಲ್ಲಿಂದಲೇ ಬಂದದ್ದು. ಮುಂದೆ ಮ್ಯಾಕೆಲ್ರಾಯ್ 1948ರಲ್ಲಿ ಕಂಪನಿಯ ಅಧ್ಯಕ್ಷನಾದ. 1957ರ ಅಕ್ಟೋಬರ್‌ನಲ್ಲಿ, ರಷ್ಯನ್ನರ ಸ್ಪುಟ್ನಿಕ್ ಹಾರಿ ಒಂದು ವಾರ ಕಳೆಯುವುದರೊಳಗೆ, ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿ ಪ್ರಮಾಣವಚನ ತೆಗೆದುಕೊಂಡ. ಅವನ ಅವಧಿಯಲ್ಲಿ, 1958ರಲ್ಲಿ, ಆರ್ಪಾ ಸಂಸ್ಥೆ ಹುಟ್ಟಿತು; ಆರ್ಪಾದ ಜಾಲದಿಂದ ಇಂಟರ್ನೆಟ್ ಬೆಳೆಯಿತು. ಸೋಪಿನವನಿಲ್ಲದಿದ್ದರೆ ವೆಬಿನಾರ್ ಇರುತ್ತಿರಲಿಲ್ಲ ಎಂದು ಹೇಳಿದರೆ ಅದು ಪೂರ್ತಿ ಉತ್ಪ್ರೇಕ್ಷೆಯಾಗದು.

ಸೋಪಿನಿಂದ ಕ್ಷಿಪಣಿಯವರೆಗಿನ ಈ ಪಯಣದಲ್ಲಿ ಒಂದು ನಿಯಮ ಅಡಗಿದೆ. ವಸ್ತುವಿನಿಂದ ದೂರ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚುತ್ತದೆ, ಮರ್ಯಾದೆಯ ಹಿಂದೆಯೇ ಗಂಟೆಯ ದರವೂ ಏರುತ್ತದೆ. ಇದನ್ನು ದೂರನಿಯಮ ಎನ್ನಬಹುದು. ಇದಕ್ಕೆ ಪೋಷಕ ಪ್ರಮಾಣ ಕೋಚಿಂಗ್ ಎಂಬ ಇನ್ನೊಂದು ತೊರೆಯಲ್ಲಿ ಸಿಗುತ್ತದೆ. ತಿಮೊಥಿ ಗ್ಯಾಲ್ವೇ 1974ರಲ್ಲಿ ಟೆನಿಸ್‌ನ ‘ಒಳ ಆಟ’ದ ಬಗ್ಗೆ ಪುಸ್ತಕ ಬರೆದು, ಎದುರಾಳಿ ಬಲೆಯ ಆಚೆಗಿಲ್ಲ, ಆಟಗಾರನ ತಲೆಯೊಳಗಿದ್ದಾನೆ ಎಂದರು. ಇದನ್ನು ಕಚೇರಿಗಳಿಗೆ ಒಯ್ದ ಜಾನ್ ವಿಟ್ಮೋರ್ 1992ರ ತಮ್ಮ ಗ್ರಂಥದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಟೆನಿಸ್ ಕೋಚ್‌ಗಳ ಕೊರತೆಯಾದಾಗ ಅದೇ ಪದ್ಧತಿಯಲ್ಲಿ ತರಬೇತಾದ ಸ್ಕೀ ಕೋಚ್‌ಗಳನ್ನು ಕರೆಸಿ, ಟೆನಿಸ್ ಸಮವಸ್ತ್ರ ತೊಡಿಸಿ, ಕಂಕುಳಲ್ಲಿ ರ್ಯಾಕೆಟ್ ಇಡಿಸಿ, ಅದನ್ನು ಬಳಸಕೂಡದೆಂದು ಮಾತು ತೆಗೆದುಕೊಂಡು ಅಂಗಳಕ್ಕೆ ಬಿಟ್ಟರಂತೆ. ಅವರ ಪಾಠಕ್ಕೂ ನಿಜವಾದ ಟೆನಿಸ್ ಕೋಚ್‌ಗಳ ಪಾಠಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಾಡಕ್ಟ್ ಕೋಚಿಂಗ್‌ನ ಸಮಸ್ತ ವಾಙ್ಮಯದಲ್ಲಿ ಇಷ್ಟು ಧೈರ್ಯ ತುಂಬುವ ಇನ್ನೊಂದು ಪುಟ ಇಲ್ಲ.

ಪಾಶ್ಚಾತ್ಯ ಮೂಲದಿಂದ ತೃಪ್ತರಾಗದವರಿಗೆ ದೇಶೀ ಪರಂಪರೆ ಹೈದರಾಬಾದಿನಿಂದ ದೂರವೇನಿಲ್ಲ. ಸೇಡಂ ರಸ್ತೆ ಹಿಡಿದು ಹೋದರೆ ಕಾಗಿಣಾ ದಡದಲ್ಲಿ ಮಳಖೇಡ ಸಿಗುತ್ತದೆ, ರಾಷ್ಟ್ರಕೂಟರ ಮಾನ್ಯಖೇಟ. 1956ರ ನವೆಂಬರ್ 1ರವರೆಗೆ ಇದು ಹೈದರಾಬಾದ್ ರಾಜ್ಯದ್ದೇ ಊರು. ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡದಲ್ಲಿ ಉಳಿದು ಬಂದಿರುವ ಮೊದಲ ಗ್ರಂಥ, ಕಾವ್ಯವಲ್ಲ. ಕಾವ್ಯ ಬರೆಯುವವರಿಗೆ ಬರೆಯುವುದು ಹೇಗೆಂದು ಹೇಳುವ ಕೈಪಿಡಿ. ಪ್ರಾಡಕ್ಟ್‌ಗಿಂತ ಮೊದಲು ಕೋಚಿಂಗ್ ಕೈಗೆ ಸಿಗುವ ಭಾಷೆ ನಮ್ಮದು. ಗ್ರಂಥದ ರಚನೆಯೂ ಇಂದಿನ ಕೋಚ್‌ಗಳಿಗೆ ತೀರಾ ಪರಿಚಿತ. ಮೊದಲ ಪರಿಚ್ಛೇದದಲ್ಲಿ ದೋಷಗಳು, ಮುಂದಿನ ಎರಡರಲ್ಲಿ ಅಲಂಕಾರಗಳು. ಆಧಾರ ಬಹುಮಟ್ಟಿಗೆ ದಂಡಿಯ ಕಾವ್ಯಾದರ್ಶ, ಅಂದರೆ ಬೇರೆಡೆ ಹೆಸರು ಮಾಡಿದ ಫ್ರೇಮ್‌ವರ್ಕ್‌ನ ಸ್ಥಳೀಯ ಅಳವಡಿಕೆ. ಹಿಂದಿನ ಕವಿಗಳೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಹೆಸರುಗಳಿವೆ. ಇವರ ಕನ್ನಡ ಕೃತಿಗಳು ಯಾರ ಕೈಗೂ ಸಿಕ್ಕಿಲ್ಲ. ಪರಿಶೀಲಿಸಲಾಗದ ಗ್ರಾಹಕ ಪ್ರಶಂಸೆಗಳನ್ನು ಮೊದಲ ಪುಟಗಳಲ್ಲೇ ಕೊಡುವ ಪದ್ಧತಿ ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ. ಬರೆದವನು ದೊರೆ ನೃಪತುಂಗನೋ ಆಸ್ಥಾನದ ಶ್ರೀವಿಜಯನೋ ಎಂಬ ಚರ್ಚೆಯಲ್ಲಿ ಪಂಡಿತರು ಬಹುಕಾಲ ಬೆವರು ಸುರಿಸಿದರು. ಪುಸ್ತಕದ ಮೇಲೆ ಒಬ್ಬನ ಹೆಸರು, ಕೀಬೋರ್ಡ್ ಮೇಲೆ ಇನ್ನೊಬ್ಬನ ಬೆರಳು ಎಂಬ ವ್ಯವಸ್ಥೆ ಪ್ರಾಡಕ್ಟ್ ಲೋಕಕ್ಕೆ ಹೊಸದಲ್ಲವಾದ್ದರಿಂದ ಅಲ್ಲಿನವರು ಈ ಚರ್ಚೆಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಮಾನ್ಯಖೇಟದ ಗ್ರಂಥಕಾರ ಎಡವಿದ. ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ತನ್ನ ಕೈಪಿಡಿಯಲ್ಲೇ ಬರೆದುಬಿಟ್ಟ. ಗ್ರಾಹಕನಿಗೆ ಈ ಸರಕಿನ ಅಗತ್ಯವಿಲ್ಲವೆಂದು ಸರಕಿನ ಮೇಲೆಯೇ ಅಚ್ಚು ಹಾಕಿದಂತಾಯಿತು. ಮುಂದಿನ ಸುಮಾರು ಹನ್ನೊಂದೂವರೆ ಶತಮಾನಗಳಲ್ಲಿ ಯಾವ ಕೋಚ್‌ನೂ ಈ ತಪ್ಪನ್ನು ಮತ್ತೆ ಮಾಡಿಲ್ಲ. ಹೈದರಾಬಾದಿನ ಕಾಚಿಗುಡ ಬದಿಯ ಕನ್ನಡಿಗರು ಕಟ್ಟಿದ ವಿದ್ಯಾಸಂಸ್ಥೆಗೆ ನೃಪತುಂಗನ ಹೆಸರಿದೆ. ಅಲ್ಲಿ ಕಲಿತ ಹುಡುಗರು ಹೈಟೆಕ್ ಸಿಟಿಯ ಕೋಚ್‌ಗಳಿಗೆ ದುಡ್ಡು ಕೊಡುವಾಗ ಈ ವಾಕ್ಯ ನೆನಪಾಗದಿರುವುದು ಕೋಚ್‌ಗಳ ಪುಣ್ಯ.

ಕ್ಷೇತ್ರ ಪರಿಚಯವಿಲ್ಲದೆ ವಿದ್ಯೆ ಅರ್ಥವಾಗದು. ಹೈದರಾಬಾದಿನ ಹೇಳಿಕೊಡುವ ಉದ್ಯಮಕ್ಕೆ ಎರಡು ಪೀಠಗಳು. ಹಳೆಯದು ಅಮೀರ್‌ಪೇಟೆ. ಮೈತ್ರಿವನಂ ಕಟ್ಟಡದ ಸುತ್ತ ನಿಂತು ತಲೆಯೆತ್ತಿದರೆ ಆಕಾಶ ಕಾಣುವುದಿಲ್ಲ, ಫ್ಲೆಕ್ಸ್ ಕಾಣುತ್ತದೆ: ಜಾವಾ, ಒರಾಕಲ್, ಸ್ಯಾಪ್, ಡೆವ್‌ಆಪ್ಸ್, ಸೇಲ್ಸ್‌ಫೋರ್ಸ್, ಒಂದೊಂದರ ಕೆಳಗೂ ‘ರಿಯಲ್ ಟೈಮ್ ಎಕ್ಸ್‌ಪರ್ಟ್’ ಒಬ್ಬರ ಹೆಸರು, ಬೆಳಗಿನ ಏಳರ ಬ್ಯಾಚು, ಡೆಮೊ ಉಚಿತ. ಫುಟ್‌ಪಾತಿನಲ್ಲಿ ಹತ್ತು ಹೆಜ್ಜೆ ನಡೆದರೆ ಕೈತುಂಬ ಕರಪತ್ರ. ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಇಡೀ ಕೋರ್ಸಿನ ನೋಟ್ಸ್ ಸ್ಪೈರಲ್ ಬೈಂಡ್ ಆಗಿ ಸಿಗುತ್ತದೆ, ಮೇಷ್ಟರಿಗಿಂತ ಅಗ್ಗ. ಇಲ್ಲಿ ಕಲಿತದ್ದು ಬಂತೋ ಇಲ್ಲವೋ ಎಂಬುದು ಮೊದಲ ಇಂಟರ್‌ವ್ಯೂನಲ್ಲೇ ಹೊರಬೀಳುತ್ತದೆ. ಕ್ವೆರಿ ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ. ಈ ಕಾರಣದಿಂದ ಅಮೀರ್‌ಪೇಟೆಯ ಗುರುಗಳು ಎಂದೂ ಶ್ರೀಮಂತ ತತ್ತ್ವಜ್ಞಾನಿಗಳಾಗಲಿಲ್ಲ.

ಹೊಸ ಪೀಠ ಸೈಬರ್ ಟವರ್ಸ್‌ನ ಆಚೆ. 1998ರಲ್ಲಿ ಆ ದುಂಡು ಕಟ್ಟಡ ಉದ್ಘಾಟನೆಯಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಅಭಿವೃದ್ಧಿ ಕೇಂದ್ರವನ್ನು ಹೈದರಾಬಾದಿಗೆ ತಂದಿತು, ಟ್ರಿಪಲ್ ಐಟಿ ಶುರುವಾಯಿತು. 2001ರಲ್ಲಿ ಐಎಸ್‌ಬಿ, 2015ರಲ್ಲಿ ಟಿ-ಹಬ್, 2019ರಲ್ಲಿ ಅಮೆಜಾನ್‌ನ ಬೃಹತ್ ಕ್ಯಾಂಪಸ್. ಕಟ್ಟಡ ದೊಡ್ಡದಾದಂತೆಲ್ಲ ಒಳಗಿನವರ ಪದನಾಮವೂ ಉದ್ದವಾಯಿತು. ಕೋಡ್ ಬರೆಯಲು ಬಂದವರು ಹತ್ತು ವರ್ಷದಲ್ಲಿ ಪ್ರಾಡಕ್ಟ್‌ನವರಾದರು, ಪ್ರಾಡಕ್ಟ್‌ನವರಿಗೆ ಮುಂದಿನ ಮೆಟ್ಟಿಲು ಕಾಣದಾಯಿತು. ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಮುಗಿಸಿದ ಸತ್ಯ ನಾದೆಲ್ಲ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾಗಿ, 2017ರಲ್ಲಿ ಪುಸ್ತಕವನ್ನೂ ಬರೆದದ್ದು ಇವರೆಲ್ಲರ ಕಣ್ಣೆದುರಿಗಿತ್ತು. ಎರಡರಲ್ಲಿ ಮೊದಲನೆಯದು ಕಷ್ಟಸಾಧ್ಯವೆಂದು ಕಂಡವರು ಎರಡನೆಯದನ್ನು ಕೈಗೆತ್ತಿಕೊಂಡರು. 2019ರ ಮಾರ್ಚ್‌ನಲ್ಲಿ ಮೆಟ್ರೋದ ನೀಲಿ ಮಾರ್ಗ ಅಮೀರ್‌ಪೇಟೆಯನ್ನು ಹೈಟೆಕ್ ಸಿಟಿಗೆ ಜೋಡಿಸಿತು. ದೂರನಿಯಮವನ್ನು ಸ್ವತಃ ಪರೀಕ್ಷಿಸಬಯಸುವವರು ಟಿಕೆಟ್ ತೆಗೆದುಕೊಂಡು ಎರಡೂ ತುದಿಗಳಲ್ಲಿ ಪಾಠದ ದರ ವಿಚಾರಿಸಬಹುದು.

ಆರೋಹಣದ ಮೊದಲ ಮೆಟ್ಟಿಲು ಪ್ರಮಾಣಪತ್ರ. ಸ್ಕ್ರಮ್ ಅಲಯನ್ಸ್‌ನ ಪ್ರಾಡಕ್ಟ್ ಓನರ್ ಪತ್ರಕ್ಕೆ ಸಾಮಾನ್ಯವಾಗಿ ಎರಡು ದಿನದ ತರಗತಿ, ಪರೀಕ್ಷೆಯಿಲ್ಲ, ಎರಡು ವರ್ಷಕ್ಕೊಮ್ಮೆ ನವೀಕರಣ. ಇಲ್ಲಿ ತಾಳ್ಮೆಯೇ ತಪಸ್ಸು. 1995ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟದ ದಾರಿ ಕಠಿಣ: ಮೊದಲ ಹಂತಕ್ಕೆ 100 ಗಂಟೆ, ಎರಡನೆಯದಕ್ಕೆ 500, ‘ಮಾಸ್ಟರ್’ ಎನ್ನಿಸಿಕೊಳ್ಳಲು 2,500 ಗಂಟೆಗಳ ಕೋಚಿಂಗ್ ಅನುಭವ ತೋರಿಸಬೇಕು. ಹೊಸದಾಗಿ ದೀಕ್ಷೆ ಪಡೆದವನು ಗಂಟೆ ತುಂಬಿಸುವ ಅವಧಿಯಲ್ಲಿ ಅವನ ಬಂಧುಮಿತ್ರರು ಎಚ್ಚರದಿಂದಿರಬೇಕು. ‘ಊಟ ಆಯ್ತಾ?’ ಎಂದು ಕೇಳಿದರೆ ‘ಊಟ ಅಂದರೆ ನಿಮಗೆ ಏನರ್ಥ?’ ಎಂಬ ಉತ್ತರ ಬರುವ ಕಾಲ ಅದು.

ಎರಡನೆಯದು ಸ್ವಂತ ಫ್ರೇಮ್‌ವರ್ಕ್. ವಿಟ್ಮೋರ್ ಪ್ರಸಿದ್ಧಗೊಳಿಸಿದ ‘ಗ್ರೋ’ದಲ್ಲಿ ನಾಲ್ಕು ಅಕ್ಷರ. ಇಂಟರ್‌ಕಾಮ್ ಕಂಪನಿಯಿಂದ ಬಂದ ‘ರೈಸ್’ನಲ್ಲೂ ನಾಲ್ಕು, ಎಷ್ಟು ಜನಕ್ಕೆ ತಲುಪುತ್ತದೆ, ಎಷ್ಟು ಪರಿಣಾಮ, ಎಷ್ಟು ಖಾತರಿ ಎಂಬುದನ್ನು ಗುಣಿಸಿ ಶ್ರಮದಿಂದ ಭಾಗಿಸುವುದು ಅದರ ಸೂತ್ರ. ಪ್ರಾಮಾಣಿಕವಾಗಿ ಬಳಸಿದರೆ ಇದು ಉಪಯುಕ್ತ ಸಾಧನವೇ. ಆದರೆ ಬಾಸ್ ಕೇಳಿದ ಫೀಚರ್ ಕೆಳಗೆ ಬಂದಾಗ ‘ಖಾತರಿ’ಯ ಅಂಕಿಯನ್ನು ತಿದ್ದಿ ಅದನ್ನು ಮೇಲೆ ತರುವ ಕಲೆಯೂ ಸೂತ್ರದ ಜೊತೆಜೊತೆಗೇ ಬೆಳೆದಿದೆ. ಹೊಸ ಕೋಚ್ ಮೊದಲು ಇಂಥ ನಾಲ್ಕಕ್ಷರದ ಪದವನ್ನು ಆರಿಸಿಕೊಂಡು, ಡೊಮೈನ್ ಖಾಲಿಯಿದೆಯೇ ನೋಡಿ, ಆಮೇಲೆ ಒಂದೊಂದು ಅಕ್ಷರಕ್ಕೂ ಅರ್ಥ ಹುಡುಕುತ್ತಾನೆ. ಮೂರು ಅಕ್ಷರಕ್ಕೆ ಅರ್ಥ ಸಲೀಸಾಗಿ ಸಿಗುತ್ತದೆ. ನಾಲ್ಕನೆಯದಕ್ಕೆ ‘ಎಂಪಥಿ’ ಹಾಕುವುದು ರೂಢಿ.

ಮೂರನೆಯದು ಕಾರ್ಯಾಗಾರ; ಇದನ್ನು ಹತ್ತಿರದಿಂದ ನೋಡಬೇಕು. ಶನಿವಾರ, ಮಾಧಾಪುರದ ಹೋಟೆಲಿನ ಹಾಲ್. ಗೋಡೆಗೆ ಉಬ್ಬು ಚಿತ್ತಾರದ ವಾಲ್‌ಪೇಪರ್, ಏಸಿ ಹದಿನೆಂಟಕ್ಕೆ. ಐದು ಮೇಜು, ಮೇಜಿಗೆ ಆರು ಜನ. ಹಳದಿ ಸ್ಟಿಕಿ ನೋಟಿನಲ್ಲಿ ಗ್ರಾಹಕನ ನೋವು, ಗುಲಾಬಿಯಲ್ಲಿ ಪರಿಹಾರ. ಅಂಟಿಸಿದ್ದೆಲ್ಲ ಉಬ್ಬು ಕಾಗದಕ್ಕೆ ಸರಿಯಾಗಿ ಹತ್ತದೆ ಹನ್ನೊಂದೂವರೆಯ ಹೊತ್ತಿಗೆ ನೋವುಗಳು ಒಂದೊಂದಾಗಿ ನೆಲಕ್ಕೆ ಉದುರುತ್ತವೆ. ಉಸ್ಮಾನಿಯಾ ಬಿಸ್ಕತ್ತಿನ ತಟ್ಟೆ ಹಿಡಿದು ಬಂದ ಹುಡುಗ ಬಿದ್ದದ್ದೊಂದನ್ನು ಎತ್ತಿ, ಕೈಗೆಟುಕಿದ ಕಾಲಂನಲ್ಲಿ ಒತ್ತಿ ಅಂಟಿಸಿ ಹೋಗುತ್ತಾನೆ. ಚುಕ್ಕಿ ಹಚ್ಚಿ ಮತ ಹಾಕುವಾಗ ಆ ನೋಟಿಗೇ ಹೆಚ್ಚು ಚುಕ್ಕಿ ಬಿದ್ದು ಮುಂದಿನ ತ್ರೈಮಾಸಿಕದ ರೋಡ್‌ಮ್ಯಾಪ್ ಆಗುತ್ತದೆ. ಬಿರಿಯಾನಿಯ ನಂತರದ ಅವಧಿಗೆ ‘ವಿಷನ್’ ಎಂದು ಹೆಸರು. ಕಣ್ಣು ಮುಚ್ಚಿ ಮೂರು ವರ್ಷದ ಮುಂದಿನದನ್ನು ಕಲ್ಪಿಸಿಕೊಳ್ಳಿ ಎಂದು ಕೋಚ್ ಹೇಳುವ ಮೊದಲೇ ಅರ್ಧ ಸಭೆಯ ಕಣ್ಣು ಮುಚ್ಚಿರುತ್ತದೆ. ಉಚಿತ ವೆಬಿನಾರ್‌ನಿಂದ ಮಾಸ್ಟರ್‌ಕ್ಲಾಸಿಗೆ, ಅಲ್ಲಿಂದ ಕಾರ್ಯಾಗಾರಕ್ಕೆ, ಕಾರ್ಯಾಗಾರದಿಂದ ಆರು ತಿಂಗಳ ‘ಕೊಹಾರ್ಟ್’ಗೆ ಶಿಷ್ಯನನ್ನು ಒಯ್ಯುವ ಈ ಕ್ರಮವನ್ನು ಶಾಸ್ತ್ರಕಾರರು ಅರುಂಧತೀದರ್ಶನ ನ್ಯಾಯ ಎನ್ನುತ್ತಿದ್ದರು. ಮೊದಲು ದೊಡ್ಡ ನಕ್ಷತ್ರ ತೋರಿಸಿ, ಬಳಿಕ ಅದರ ಪಕ್ಕದ ಚಿಕ್ಕದನ್ನು ತೋರಿಸುವುದು. ಇಲ್ಲಿ ನಕ್ಷತ್ರ ಚಿಕ್ಕದಾಗುತ್ತ ಹೋದಂತೆ ಫೀಸು ದೊಡ್ಡದಾಗುತ್ತದೆ, ಅಷ್ಟೇ ವ್ಯತ್ಯಾಸ.

ಕೊನೆಯ ಮೆಟ್ಟಿಲು ಪುಸ್ತಕ. ಹೊರದೇಶದಲ್ಲಿ ಈ ಮಾರ್ಗ ಹಾಕಿದವರು ಮಾರ್ಟಿ ಕೇಗನ್: ಎಚ್‌ಪಿ, ನೆಟ್‌ಸ್ಕೇಪ್, ಇಬೇಗಳಲ್ಲಿ ದುಡಿದು, ಸಲಹಾ ಸಂಸ್ಥೆ ಕಟ್ಟಿ, 2008ರಲ್ಲಿ ‘ಇನ್‌ಸ್ಪೈರ್ಡ್’ ತಂದರು, ಸುಮಾರು ಹತ್ತು ವರ್ಷದ ಮೇಲೆ ಅದನ್ನೇ ಬಹುಪಾಲು ಹೊಸದಾಗಿ ಬರೆದರು. ಮೆಲಿಸ್ಸಾ ಪೆರಿಯವರ ಗ್ರಂಥ 2018ರದು, ತೆರೆಸಾ ಟೊರೆಸ್‌ರದು 2021ರದು. ಇವರು ಓದತಕ್ಕ ಬರಹಗಾರರು. ಗ್ರಾಹಕನ ಜೊತೆ ವಾರಕ್ಕೊಮ್ಮೆಯಾದರೂ ಮಾತಾಡಿ ಎಂಬ ಟೊರೆಸ್‌ರ ಬುದ್ಧಿಮಾತನ್ನು ಪಾಲಿಸಿದರೆ ಕೋಚ್‌ನ ಅಗತ್ಯವೇ ಅರ್ಧ ಇಳಿಯುತ್ತದೆ. ಅದಕ್ಕೇ ಅನುಯಾಯಿಗಳ ಗ್ರಂಥಗಳಲ್ಲಿ ಆ ಮಾತು ಸಾಮಾನ್ಯವಾಗಿ ಅನುಬಂಧಕ್ಕೆ ಸರಿದಿರುತ್ತದೆ.

ಅನುಯಾಯಿ ಗ್ರಂಥದ ನಿರ್ಮಾಣ ಸರಳ. ಎರಡು ವರ್ಷದ ಪೋಸ್ಟ್‌ಗಳನ್ನು ಒಟ್ಟುಮಾಡಿ ಅಧ್ಯಾಯ ಮಾಡಬೇಕು. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ಸ್ಟೀವ್ ಜಾಬ್ಸ್ ಹೇಳಿದ್ದೋ ಹೇಳದ್ದೋ ಒಂದು ಮಾತು ಇರಬೇಕು. ಐಎಸ್‌ಬಿಎನ್ ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಉಚಿತ. ಇ-ಪುಸ್ತಕಕ್ಕೆ ಅಮೆಜಾನ್ ಕೊಡುವುದು ಬೆಲೆ ಮತ್ತು ಷರತ್ತು ನೋಡಿ 35 ಅಥವಾ 70 ಪ್ರತಿಶತ ರಾಯಲ್ಟಿ. ಬಿಡುಗಡೆಯ ದಿನ ಆಪ್ತರು ಒಂದೇ ಹೊತ್ತಿಗೆ ಕೊಳ್ಳುವಂತೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಬೇಕು. ಪಟ್ಟಿ ಪದೇ ಪದೇ ಬದಲಾಗುವುದರಿಂದ ಯಾವುದಾದರೊಂದು ಇಕ್ಕಟ್ಟಾದ ಉಪವಿಭಾಗದಲ್ಲಿ, ಮಧ್ಯಾಹ್ನ ಎರಡರಿಂದ ಮೂರರವರೆಗೆ, ಗ್ರಂಥ ಮೊದಲ ಸ್ಥಾನಕ್ಕೆ ಬರುತ್ತದೆ. ಆಗ ತೆಗೆದ ಸ್ಕ್ರೀನ್‌ಶಾಟ್ ಆಜೀವ ಪ್ರಮಾಣ. ಇನ್ನು ಪುಸ್ತಕ ಓದಿಸಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಜೂಮ್‌ನಲ್ಲಿ ಕೋಚ್‌ನ ಭುಜದ ಹಿಂದೆ, ಬೆನ್ನು ತೋರಿಸದೆ ಮುಖ ತೋರಿಸಿ ನಿಂತಿರಬೇಕು. ಅದಕ್ಕೊಂದು ಪುಟ್ಟ ದೀಪವಿದ್ದರೆ ಉತ್ತಮ.

ಪುಸ್ತಕದ ಮಹಿಮೆಯನ್ನು ಲೋಕ ಅರಿಯದಿದ್ದರೂ ತೆರಿಗೆ ಇಲಾಖೆ ಅರಿತಿದೆ. ಕೋಚ್ ಬಾಯಿಬಿಟ್ಟು ಹೇಳಿದ ಸಲಹೆಗೆ 18 ಪ್ರತಿಶತ ಜಿಎಸ್‌ಟಿ. ಅದೇ ಸಲಹೆ ಅಚ್ಚಾಗಿ ಪುಸ್ತಕವಾದರೆ ಸೊನ್ನೆ. ನುಡಿದದ್ದಕ್ಕಿಂತ ಬರೆದದ್ದು ನಿರಪಾಯಕಾರಿ ಎಂಬ ಶಾಸನಕಾರರ ನಂಬಿಕೆಗೆ ಬೇರೆ ಪುರಾವೆ ಬೇಡ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದವರಿಗೆ ತೆಲಂಗಾಣದಲ್ಲಿ ಸಾಮಾನ್ಯವಾಗಿ ನೋಂದಣಿಯೇ ಕಡ್ಡಾಯವಲ್ಲ. ಆದರೆ ದಾಟದ ಕೋಚ್‌ಗಳೂ ದಾಟಿದಂತೆ ಮಾತಾಡುವುದು ವೃತ್ತಿಧರ್ಮ. ಆದಾಯ ತೆರಿಗೆಯಲ್ಲಿ, ಅಂದಾಜು ಪದ್ಧತಿಗೆ ಒಳಪಡುವ ವೃತ್ತಿಗಳ ಪಟ್ಟಿಯಲ್ಲಿ ವೈದ್ಯರು, ವಕೀಲರು, ತಾಂತ್ರಿಕ ಸಲಹೆಗಾರರು, ಒಳಾಂಗಣ ಅಲಂಕಾರದವರು ಇದ್ದಾರೆ; ಪ್ರಾಡಕ್ಟ್ ಕೋಚ್‌ನ ಹೆಸರಿಲ್ಲ. ಅವನು ತಾಂತ್ರಿಕ ಸಲಹೆಯಲ್ಲಿ ಸೇರುತ್ತಾನೋ ಒಳಾಂಗಣ ಅಲಂಕಾರದಲ್ಲೋ ಎಂಬ ಪ್ರಶ್ನೆಯನ್ನು ಲೆಕ್ಕಪರಿಶೋಧಕರಿಗೆ ಬಿಡುವುದು ಲೇಸು.

ಇಲ್ಲೊಂದು ಪೂರ್ವಪಕ್ಷವಿದೆ. 2005ರ ದೀಪಾವಳಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಫಣೀಂದ್ರ ಸಾಮ ಎಂಬ ತೆಲಂಗಾಣದ ಯುವಕ ಹೈದರಾಬಾದ್ ಕಡೆಯ ತನ್ನೂರಿಗೆ ಹೊರಡಲು ಏಜೆಂಟರ ಬಳಿ ಅಲೆದ, ಬಸ್ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಿನಲ್ಲಿ ಯಾವ ಸೀಟು ಖಾಲಿಯಿದೆಯೆಂದು ಯಾರಿಗೂ ಒಟ್ಟಾಗಿ ಗೊತ್ತಿಲ್ಲವೆಂದು ಆಗ ಹೊಳೆಯಿತು. ಮರುವರ್ಷ ಗೆಳೆಯರೊಡನೆ ರೆಡ್‌ಬಸ್ ಶುರುಮಾಡಿದ. 2013ರಲ್ಲಿ ಅದನ್ನು ಇಬಿಬೋ ಕೊಂಡಿತು. ಆ ಹೊಳಹಿಗೆ ಕೋಚ್ ಬೇಕಾಗಲಿಲ್ಲ, ಫ್ರೇಮ್‌ವರ್ಕ್ ಬೇಕಾಗಲಿಲ್ಲ, ಸ್ಟಿಕಿ ನೋಟ್ ಬೇಕಾಗಲಿಲ್ಲ. ಹಾಗಾದರೆ ವಿದ್ಯೆಯೇ ನಿಷ್ಪ್ರಯೋಜಕವಲ್ಲವೇ ಎಂದರೆ, ಅಲ್ಲ. ಸಿದ್ಧಾಂತ ಹೀಗಿದೆ: ಬಸ್ ತಪ್ಪುವುದು ದೈವಾಧೀನ, ಬಸ್ ತಪ್ಪಿದ ಕಥೆ ಹೇಳುವುದು ಪುರುಷಪ್ರಯತ್ನ. ಆ ಪ್ರಸಂಗವನ್ನು ‘ಗ್ರಾಹಕ ಶೋಧನೆ’ ಎಂಬ ತಲೆಬರಹದಡಿ ಸ್ಲೈಡಿನಲ್ಲಿಟ್ಟು ಕಾರ್ಯಾಗಾರಗಳಲ್ಲಿ ಹಂಚುವವರಿಗೆ ಬಸ್ಸೂ ಬೇಕಿಲ್ಲ, ಹಬ್ಬವೂ ಬೇಕಿಲ್ಲ. ದೂರನಿಯಮಕ್ಕೆ ಇದರಿಂದ ಬಾಧಕವಿಲ್ಲ, ಬಲವೇ ಬಂದಿತು.

ಉಳಿದದ್ದು ಅವರೋಹಣ. ಪುಸ್ತಕದ ಬಳಿಕ ಕೆಲವರು ಕೋಚ್‌ಗಳಿಗೇ ಕೋಚ್ ಆಗಿ ಇನ್ನೂ ಮೇಲೇರುತ್ತಾರೆ. ಅಲ್ಲಿಂದ ವಸ್ತು ಬರಿಗಣ್ಣಿಗೆ ಕಾಣುವುದಿಲ್ಲ. ಇನ್ನು ಕೆಲವರಿಗೆ, ಮನೆಸಾಲದ ಕಂತೋ ಮಕ್ಕಳ ಶಾಲೆಯ ಫೀಸೋ ನಿಮಿತ್ತವಾಗಿ, ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ನ ಯಾವುದೋ ಕಂಪನಿಯಿಂದ ಪ್ರಾಡಕ್ಟ್ ವಿಭಾಗದ ಉಪಾಧ್ಯಕ್ಷ ಪದವಿ ಒದಗಿ ಬರುತ್ತದೆ. ‘ಮತ್ತೆ ಕಟ್ಟುವ ಹಂಬಲ’ ಎಂಬ ಒಕ್ಕಣೆಯ ಪೋಸ್ಟ್ ಹಾಕಿ ಅವರು ರಾತ್ರಿ ಒಂಬತ್ತೂವರೆಯ ಕಾಲ್‌ಗೆ ಮರಳುತ್ತಾರೆ. ಹೀಗೆ ವೃತ್ತಿ ತೊರೆದವರು ಜಿಎಸ್‌ಟಿ ನೋಂದಣಿ ರದ್ದುಮಾಡಿಸಲು ಆರ್‌ಇಜಿ-16 ನಮೂನೆಯಲ್ಲಿ ಅರ್ಜಿ ಹಾಕಬೇಕು. ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನನ್ನು ಜಿಎಸ್‌ಟಿಆರ್-10ರಲ್ಲಿ ಸಲ್ಲಿಸಬೇಕು. ಅದರಲ್ಲಿ ಕೈಯಲ್ಲಿ ಉಳಿದ ದಾಸ್ತಾನು ತೋರಿಸುವ ಕಾಲಂ ಇದೆ. ಮಾರಾಟವಾಗದ ಪ್ರತಿಗಳ ವಿಷಯದಲ್ಲಿ ಗಾಬರಿ ಬೇಡ: ಅಚ್ಚಾದ ಪುಸ್ತಕಕ್ಕೆ ತೆರಿಗೆ ಸೊನ್ನೆ ಎಂದು ಮೇಲೆಯೇ ಹೇಳಿದೆ.